ಪದಚರ್ಚೆ: ನೆರವಿನ ಅಕ್ಕಿ ಹಂಚುವವರ 'ಅಕೌಂಟೆಬಿಲಿಟಿ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನೆರೆ ಬಂದಾಗ ಪರಿಹಾರದ ಕೆಲಸಕ್ಕೆ ಇಳಿಯುವ ಸ್ವಯಂಸೇವಕರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಬಹುಪಾಲು ಬೆಳಗಾವಿ, ಬಾಗಲಕೋಟೆ ಕಡೆಯವರು. ಕೃಷ್ಣಾ, ಘಟಪ್ರಭಾ ತುಂಬಿದಾಗ ಅಕ್ಕಿ, ಬೇಳೆ, ಎಣ್ಣೆ ಹಂಚುವ ಹುಡುಗ ಹುಡುಗಿಯರು. ದಾಸ್ತಾನು, ತೂಕ, ಅಡುಗೆ, ಕುಡಿಯುವ ನೀರು, ಇವೆಲ್ಲ ಸಲೀಸಾಗಿ ಮುಗಿದವು. ಒಂದು ಅಧ್ಯಾಯ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ಅದರ ತಲೆಬರಹ 'ಪ್ರೊಟೆಕ್ಷನ್ ಅಂಡ್ ಅಕೌಂಟೆಬಿಲಿಟಿ'. ವಿಶ್ವಸಂಸ್ಥೆಯ ಆಹಾರ ನೆರವಿನ ಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮ 2020ರಲ್ಲಿ ಇದೇ ಜೋಡಿ ಹೆಸರಿನಲ್ಲಿ ಒಂದು ನೀತಿಯನ್ನು ತಂದಿದೆ. ಹಾಗಾಗಿ ಈ ಎರಡು ಪದಗಳನ್ನು ಬಿಡಿಸುವ ಹಾಗಿಲ್ಲ. ನನ್ನ ಪ್ರಶ್ನೆ ಮುಖ್ಯವಾಗಿ ಎರಡನೆಯದರ ಬಗ್ಗೆ. ಮೊದಲನೆಯದೂ ಸುಲಭವಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಆ ಕೆಲಸದಲ್ಲಿ ಇರುವವರು ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಅಂತ ಮೊದಲು ಹೇಳಿಬಿಡುತ್ತೇನೆ. ಆಹಾರ ಹಂಚುವ ಸಂಸ್ಥೆ ಹಣ ಕೊಟ್ಟವರಿಗೆ ಲೆಕ್ಕ ಕೊಡುವುದು ಹಳೆಯ ಪದ್ಧತಿ. ಎಷ್ಟು ಟನ್ ಹೋಯಿತು, ಎಷ್ಟು ಮನೆ ತಲುಪಿತು, ಆಡಿಟ್ ಆಯಿತಾ, ಅಷ್ಟೇ. ಇಲ್ಲಿ ಹೇಳುತ್ತಿರುವುದು ಇನ್ನೊಂದು ಕಡೆಯ ಲೆಕ್ಕ. ಚೀಲ ಇಸಿದುಕೊಂಡು ಹೋಗುವವರೂ ಕೇಳಬಹುದು: ನನ್ನ ಹೆಸರು ಪಟ್ಟಿಯಲ್ಲಿ ಯಾಕಿಲ್ಲ? ಹೋದ ತಿಂಗಳಿಗಿಂತ ಈ ತಿಂಗಳು ಯಾಕೆ ಕಡಿಮೆ? ಕೇಳಿದರೆ ಉತ್ತರ ಬರಬೇಕು. ಕೇಳಿದ ತಪ್ಪಿಗೆ ಮುಂದಿನ ಸಲ ಚೀಲ ತಪ್ಪಬಾರದು.

ಈ ಎರಡು ಲೆಕ್ಕ ಒಂದೇ ಅಲ್ಲ ಅನ್ನುವುದಕ್ಕೆ ಇಥಿಯೋಪಿಯಾ ನೋಡಿ. ನೆರವಿನ ಧಾನ್ಯ ದೊಡ್ಡ ಪ್ರಮಾಣದಲ್ಲಿ ದಾರಿ ತಪ್ಪಿ ಮಾರುಕಟ್ಟೆ ಸೇರುತ್ತಿದೆ ಎಂದು ಗೊತ್ತಾದಾಗ, 2023ರಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಮತ್ತು ಅಮೆರಿಕ ಸರ್ಕಾರದ ನೆರವಿನ ಸಂಸ್ಥೆ ಯುಎಸ್‌ಏಡ್ ಹಂಚಿಕೆಯನ್ನೇ ನಿಲ್ಲಿಸಿದವು. ಮೊದಲು ಟಿಗ್ರೇ ಪ್ರಾಂತದಲ್ಲಿ, ಆಮೇಲೆ ದೇಶದ ಉಳಿದ ಕಡೆ. ಹಣ ಕೊಟ್ಟವರ ಲೆಕ್ಕ ಸರಿಹೋಗಬೇಕಿತ್ತು, ಒಪ್ಪೋಣ. ಆದರೆ ಕದ್ದವರು ಯಾರೋ, ಹಸಿದವರು ಯಾರೋ. ಹಂಚಿಕೆ ಮತ್ತೆ ಶುರುವಾಗಲು ತಿಂಗಳುಗಳೇ ಹಿಡಿದವು. ಅದೇ ವರ್ಷ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ಶಿಬಿರಗಳಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಆಹಾರದ ವೋಚರ್ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ದೇಣಿಗೆ ಸಾಲಲಿಲ್ಲ. ಹಣವೇ ಇಲ್ಲದಿದ್ದರೆ ಯಾರೇನು ಮಾಡಲಾದೀತು ಅನ್ನಬಹುದು. ಆದರೆ ಎಂದಿನಿಂದ ಕಡಿಮೆ, ಯಾಕೆ ಕಡಿಮೆ ಅನ್ನುವುದನ್ನು ಜನರಿಗೆ ಅವರ ಮಾತಿನಲ್ಲೇ ಮೊದಲೇ ಹೇಳುವುದೂ ಈ ಪದದೊಳಗೆ ಬರುತ್ತದೆ.

ಈಗ ಕನ್ನಡಕ್ಕೆ ಬರೋಣ. ಸರ್ಕಾರಿ ಕಾಗದಗಳಲ್ಲಿ 'ಉತ್ತರದಾಯಿತ್ವ' ಇದೆ. ಅರ್ಥದಲ್ಲಿ ಏನೂ ಕೊರತೆಯಿಲ್ಲ. ಜಮಖಂಡಿ ಕಡೆಯ ಹೊಳೆದಂಡೆಯ ಒಂದು ಊರಿನಲ್ಲಿ ನಾಲ್ಕಾರು ಹೆಂಗಸರ ಮುಂದೆ ಕರಡನ್ನು ಓದಿ ನೋಡಿದೆ. ಈ ಪದ ಬಂದ ಕೂಡಲೇ ಒಬ್ಬ ಹಿರಿಯರು ತಡೆದರು. "ಉತ್ತರದಾಗ ಐತಿ? ಯಾವೂರ ಅದು ಯವ್ವಾ?" ಅವರು ತಮಾಷೆ ಮಾಡುತ್ತಿರಲಿಲ್ಲ. ನಿಮಗೆ ಕೊಟ್ಟ ಅಕ್ಕಿ ಬಗ್ಗೆ ನೀವು ಏನಾದರೂ ಕೇಳಿದರೆ ಕೊಟ್ಟವರು ಹೇಳಬೇಕು, ಅಂಥ ಅರ್ಥ ಎಂದೆ. "ಹಂಗಾದ್ರ ಜವಾಬ ಕೊಡಬೇಕು ಅನ್ನು. ಆದ್ರ ಕೇಳಾವ್ರು ಯಾರು? ಕೊಟ್ಟಿದ್ದು ಇಸ್ಕೊಂಡು ಬರೂದು."

ಅವರು ಅಂದ 'ಜವಾಬ'ನ್ನೇ ಇಟ್ಟುಕೊಂಡು ಯೋಚಿಸಿ. 'ಜವಾಬ್ದಾರಿ'ಯ ಒಳಗೆ ಇರುವುದೂ ಅದೇ ಜವಾಬು, ಅಂದರೆ ಉತ್ತರ. ಹುಟ್ಟಿನಿಂದ ನೋಡಿದರೆ ನಮಗೆ ಬೇಕಾದ ಅರ್ಥ ಅದರಲ್ಲೇ ಇತ್ತು. ಬಳಕೆಯಲ್ಲಿ ಅದು ಸವೆದು ಬರೀ 'ಕರ್ತವ್ಯ' ಆಗಿದೆ. "ಮನೆ ಜವಾಬ್ದಾರಿ ನಂದು" ಅಂದರೆ ನಾನು ನೋಡಿಕೊಳ್ಳುತ್ತೇನೆ ಅಂತ. ಯಾರಿಗೋ ಉತ್ತರ ಕೊಡುತ್ತೇನೆ ಅಂತ ಯಾರೂ ತಿಳಿಯುವುದಿಲ್ಲ.

'ಹೊಣೆ' ಇನ್ನೂ ಸ್ವಾರಸ್ಯದ್ದು. ಹಳಗನ್ನಡದ 'ಪೊಣೆ'. ಕಿಟೆಲ್ ನಿಘಂಟು ತೆಗೆದರೆ ಜಾಮೀನು ಎಂಬ ಅರ್ಥ ಸಿಗುತ್ತದೆ. ಹೊಣೆಗಾರ ಅಂದರೆ ಇನ್ನೊಬ್ಬರ ಪರವಾಗಿ ಜಾಮೀನು ನಿಂತವನು. ಮಾತು ತಪ್ಪಿದರೆ ಅವನ ಕೊರಳಿಗೇ ಬರುತ್ತಿತ್ತು. ಈಗಿನ 'ಹೊಣೆಗಾರಿಕೆ'ಯಲ್ಲಿ ಆ ಬಿಗಿ ಉಳಿದಿದೆಯಾ? ಬ್ಯಾಂಕಿನ ಕಾಗದದಲ್ಲಿ 'ಆಸ್ತಿ ಮತ್ತು ಹೊಣೆಗಾರಿಕೆ' ಅಂದರೆ ಸಾಲ. ಪತ್ರಿಕೆಯಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ. ಇನ್ನೊಂದು ತೊಡಕು ವಿಭಕ್ತಿಯದು. 'ಜನರ ಹೊಣೆ' ಅಂದರೆ ಜನರನ್ನು ನೋಡಿಕೊಳ್ಳುವ ಭಾರ. ನಮಗೆ ಬೇಕಾದದ್ದು 'ಜನರಿಗೆ ಹೊಣೆ'. ಒಂದು 'ಗೆ' ಸೇರಿದರೆ ಅರ್ಥವೇ ತಿರುಗುತ್ತದೆ, ಆದರೆ ಆ ಪ್ರಯೋಗ ಕಿವಿಗೆ ಅಪರೂಪ. ಓದುವವರು ಅದನ್ನು ಬಿಟ್ಟು ಮೊದಲಿನದನ್ನೇ ಓದಿಕೊಳ್ಳುತ್ತಾರೆ ಅಂತ ನನ್ನ ಗುಮಾನಿ. ಹಂಚುವವರಿಗೆ ಅದೇ ಹಿತ ಬೇರೆ. ಜನರನ್ನು ನೋಡಿಕೊಳ್ಳುತ್ತೇವೆ ಅನ್ನುವುದು ಸುಲಭ, ಜನ ನಮ್ಮನ್ನು ಕೇಳಬಹುದು ಅನ್ನುವುದು ಕಷ್ಟ.

ಪದ ಸಿಕ್ಕರೂ ಅದನ್ನು ಹಿಡಿದು ಎಳೆಯುವ ಗಾದೆಗಳಿವೆ. 'ಉಂಡ ಮನೆಗೆ ಎರಡು ಬಗೆಯಬಾರದು.' ಅದಕ್ಕಿಂತ ಚುರುಕಾದದ್ದು, 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ.' ಪುಕ್ಕಟೆ ಬಂದದ್ದನ್ನು ಅಳೆದವನನ್ನು ನಗೆಪಾಟಲು ಮಾಡುವ ಗಾದೆ ಇದು. ಕೈಪಿಡಿ ಹೇಳುವುದು ಪೂರ್ತಿ ಉಲ್ಟಾ. ಅಳೆಯಲಿ, ಹಿತ್ತಿಲಿಗೆ ಯಾಕೆ, ಅಂಗಳದಲ್ಲೇ ಅಳೆಯಲಿ. ಹಂಚುವ ಜಾಗದಲ್ಲಿ ತಕ್ಕಡಿ ಇಡಿ, ತಲೆಗೆ ಎಷ್ಟು ಕೆಜಿ ಅಂತ ಬೋರ್ಡ್ ಬರೆಸಿ, ಓದಲು ಬಾರದವರಿಗೆ ಕೂಗಿ ಹೇಳಿ. ನನಗೆ ಈ ಗಾದೆಯನ್ನೇ ಅಧ್ಯಾಯದ ತಲೆಗೆ ಹಾಕಿ ತಿರುಗಿಸಿ ಹೇಳುವ ಆಸೆ ಇದೆ.

ನಮ್ಮ ಜನ ಕೇಳುವುದೇ ಇಲ್ಲ ಅಂತಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರವನ್ನು ಹಕ್ಕು ಮಾಡಿತು. ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿ, ರಾಜ್ಯಕ್ಕೊಂದು ಆಹಾರ ಆಯೋಗ, ಜಾಗೃತ ಸಮಿತಿ, ಸಾಮಾಜಿಕ ಪರಿಶೋಧನೆ, ಎಲ್ಲವೂ ಕಾಯ್ದೆಯಲ್ಲಿ ಇವೆ. ಎಷ್ಟು ಕೆಲಸ ಮಾಡುತ್ತವೆ ಅನ್ನುವುದು ಬೇರೆ ಮಾತು. ನ್ಯಾಯಬೆಲೆ ಅಂಗಡಿ ಮುಂದೆ "ಥಂಬ್ ಕೊಟ್ಟೀನಿ, ಅಕ್ಕಿ ಕೊಡ್ರಿ" ಅಂತ ಜನ ಜಗಳಕ್ಕೇ ನಿಲ್ಲುತ್ತಾರೆ. ಅದೇ ಜನ ನೆರೆ ಬಂದಾಗ ಕಾಳಜಿ ಕೇಂದ್ರದಲ್ಲಿ ತಟ್ಟೆ ಹಿಡಿದು ನಿಂತರೆ ಬಾಯಿ ಬಿಡುವುದಿಲ್ಲ. ಗಂಜಿ ಕೇಂದ್ರ ಅನ್ನುವ ಹೆಸರನ್ನು ಕಾಳಜಿ ಕೇಂದ್ರ ಮಾಡಿದ್ದು ಒಳ್ಳೆಯದೇ. ಆದರೆ ಕಾಳಜಿಯೂ ಕೊಡುವವರ ಗುಣವೇ, ಅಲ್ವಾ?

ದೂರಿನ ವಿಷಯಕ್ಕೆ ಬಂದರೆ ಇನ್ನೊಂದು ಗಂಟು. ಮಾನವೀಯ ನೆರವಿನ ಸಂಸ್ಥೆಗಳು ಒಪ್ಪಿಕೊಂಡ ಒಂದು ಮಾನದಂಡ 2014ರಲ್ಲಿ ಬಂತು. ಅದರಲ್ಲಿ ಸಂಸ್ಥೆಗಳು ಕೊಡುವ ಒಂಬತ್ತು ಮಾತುಗಳಲ್ಲಿ ಐದನೆಯದು ದೂರುಗಳಿಗೆ ಸ್ವಾಗತ, ಅವಕ್ಕೆ ಪರಿಹಾರ ಅನ್ನುತ್ತದೆ. 2024ರಲ್ಲಿ ಅದನ್ನು ತಿದ್ದಿದಾಗ, ಜನ ಭಯವಿಲ್ಲದೆ ದೂರು ಹೇಳಬಹುದು ಅನ್ನುವ ಧಾಟಿಗೆ ಬದಲಾಯಿತು. ನಮ್ಮಲ್ಲಿ 'ದೂರು' ಅಂದರೆ ಪೊಲೀಸ್ ಠಾಣೆ ಕಣ್ಮುಂದೆ ಬರುತ್ತದೆ. 'ಅಹವಾಲು' ಅಂದರೆ ಕೈ ಕಟ್ಟಿಕೊಂಡು ಸಾಹೇಬರ ಮುಂದೆ ನಿಂತ ಹಾಗೆ. 'ಕುಂದುಕೊರತೆ' ಪರವಾಗಿಲ್ಲ, ಆದರೆ ಅದು ಸಭೆಯ ಬ್ಯಾನರಿನ ಪದ. ಫೀಡ್‌ಬ್ಯಾಕ್ ಅನ್ನುವುದಕ್ಕೆ 'ಹಿಮ್ಮಾಹಿತಿ'ಯನ್ನು ದಯವಿಟ್ಟು ಯಾರೂ ಸೂಚಿಸಬೇಡಿ.

ಇನ್ನು 'ಪ್ರೊಟೆಕ್ಷನ್'. ನೆರೆಯ ಸಂದರ್ಭದಲ್ಲಿ 'ರಕ್ಷಣೆ' ಅಂದರೆ ದೋಣಿ, ಹಗ್ಗ, ಲೈಫ್ ಜಾಕೆಟ್. 'ಆಹಾರ ಸುರಕ್ಷತೆ' ಅಂದರೆ ಹಳಸಿರದ, ಕಲಬೆರಕೆ ಇಲ್ಲದ ಆಹಾರ. 'ಆಹಾರ ಭದ್ರತೆ' ಕಾಯ್ದೆಯ ಹೆಸರೇ ಆಗಿದೆ. ಇಲ್ಲಿ ಹೇಳಬೇಕಾದದ್ದು ಇವು ಯಾವುವೂ ಅಲ್ಲ. ಆಹಾರ ಕೊಡುವ ರೀತಿಯಿಂದಲೇ ಪಡೆಯುವವರಿಗೆ ಕೇಡಾಗಬಾರದು ಅನ್ನುವುದು. ಕತ್ತಲಾದ ಮೇಲೆ ಹಂಚಿದರೆ ಹೆಂಗಸರು ಚೀಲ ಹೊತ್ತು ಕತ್ತಲಲ್ಲೇ ಮನೆ ಮುಟ್ಟಬೇಕು. ಊರಿನ ಒಂದು ಓಣಿಯಲ್ಲಿ ಮಾತ್ರ ಹಂಚಿದರೆ ಇನ್ನೊಂದು ಕೇರಿಯವರು ಅಲ್ಲಿಗೆ ಕಾಲಿಡಲಾರರು. ಕೆಟ್ಟದ್ದಕ್ಕೆ ಉದಾಹರಣೆ 2002ರದು. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನ ನಿರಾಶ್ರಿತರ ನಡುವೆ ವಿಚಾರಿಸಿದಾಗ, ನೆರವಿನ ಕೆಲಸಗಾರರೇ ಆಹಾರದ ಆಸೆ ತೋರಿಸಿ ಹುಡುಗಿಯರನ್ನು ಬಳಸಿಕೊಳ್ಳುತ್ತಿದ್ದಾರೆ ಎಂಬ ಆರೋಪಗಳು ಹೊರಬಂದವು. ಮಾರನೆಯ ವರ್ಷ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹೊರಡಿಸಿದ ಸುತ್ತೋಲೆ ಅದನ್ನು ಸ್ಪಷ್ಟವಾಗಿ ನಿಷೇಧಿಸಿತು. ಎರಡು ಪದಗಳು ಜೋಡಿಯಾಗಿ ಬರುವುದು ಇದಕ್ಕೇ. ಹೇಳಿಕೊಳ್ಳಲು ದಾರಿ ಇಲ್ಲದ ಕಡೆ ಇಂಥದ್ದು ವರ್ಷಗಟ್ಟಲೆ ಮುಚ್ಚಿಹೋಗುತ್ತದೆ. ಸದ್ಯ ನಾನು 'ಕೇಡಾಗದಂತೆ ಹಂಚುವುದು' ಎಂದು ಬರೆದಿದ್ದೇನೆ. ತಲೆಬರಹಕ್ಕೆ ಉದ್ದ, ಆದರೆ ಯಾರೂ ದೋಣಿ ಹುಡುಕುವುದಿಲ್ಲ.

'ಫಲಾನುಭವಿ' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆ ಮುಳುಗಿ ಶಾಲೆಯ ವರಾಂಡದಲ್ಲಿ ಮಲಗಿದವರು ಯಾವ ಫಲ ಅನುಭವಿಸುತ್ತಾರೋ ಗೊತ್ತಿಲ್ಲ. ಎಲ್ಲ ಕಡೆ ಅದನ್ನು ತೆಗೆದು 'ಪಡೆಯುವವರು' ಅಂತ ಹಾಕಿದ್ದೇನೆ.

'ಅಕೌಂಟೆಬಿಲಿಟಿ'ಗೆ ಆ ಹಿರಿಯರು ಹೇಳಿದ್ದರ ಕಡೆಗೇ ನನ್ನ ಮನಸ್ಸು ವಾಲಿದೆ. ಅಧ್ಯಾಯದ ಹೆಸರು 'ಕೇಡಾಗದಂತೆ ಹಂಚುವುದು, ಕೇಳಿದವರಿಗೆ ಜವಾಬು ಕೊಡುವುದು'. ಉತ್ತರ ಕರ್ನಾಟಕದಲ್ಲಿ ಇದು ಸಲೀಸು. ಗೀಗೀ ಪದದ ಹರದೇಶಿ ನಾಗೇಶಿ ಮೇಳಗಳ ಸವಾಲ್ ಜವಾಬ್ ಕೇಳಿ ಬೆಳೆದವರು, ಇಬ್ಬರೂ ಸರಿಸಮ ನಿಂತು ಹಾಡುವ ಆಟ ಅದು. ಮೈಸೂರು, ಮಂಡ್ಯ ಕಡೆಯವರು ಹೇಳಬೇಕು: ನಿಮ್ಮಲ್ಲಿ ಜವಾಬು ಅಂದರೆ 'ಎದುರು ಜವಾಬು', ದೊಡ್ಡವರಿಗೆ ತಿರುಗಿ ಮಾತಾಡುವುದು ಅಂತ ಕೇಳಿಸುತ್ತದೆಯಾ? ಕೊಡಗಿನಲ್ಲೂ ಕರಾವಳಿಯಲ್ಲೂ ಮಳೆಗಾಲದ ಕೇಂದ್ರಗಳು ತೆರೆಯುತ್ತವೆ, ಕೈಪಿಡಿ ಅಲ್ಲಿಗೂ ಹೋಗಬಹುದು. ಜಾಮೀನು ಎಂಬ ಅರ್ಥದ 'ಹೊಣೆ' ನಿಮ್ಮ ಕಡೆ ಆಡುಮಾತಿನಲ್ಲಿ ಇನ್ನೂ ಬದುಕಿದ್ದರೆ ಅದನ್ನೂ ತಿಳಿಸಿ.

ಮಳೆಗಾಲಕ್ಕೆ ಮುಂಚೆ ಕರಡು ಪ್ರೆಸ್ಸಿಗೆ ಹೋಗಬೇಕು. ಅದಕ್ಕಿಂತ ಅವಸರದ್ದು ಇನ್ನೊಂದಿದೆ. ಹಂಚುವ ಜಾಗದಲ್ಲಿ ಇಡುವ ಡಬ್ಬಿಗಳ ಮೇಲೆ ಪೇಂಟರ್ ಕೈಯಲ್ಲಿ ಬರೆಸಬೇಕು. 'ದೂರು ಪೆಟ್ಟಿಗೆ' ಅಂದರೆ ಒಂದು ಚೀಟಿಯೂ ಬೀಳುವುದಿಲ್ಲ. ಏನು ಬರೆಸಲಿ?