ಸಹಾಯ ಬೇಕು: ಔಷಧಿ ಕೊಡುವ ಮೊದಲೇ ಪಾಪುವಿನ ರಕ್ತದಲ್ಲಿ ಡಿಗಾಕ್ಸಿನ್

ಎಲ್ಲರಿಗೂ ನಮಸ್ಕಾರ. ನಾನು ಲ್ಯಾಬ್ ಟೆಕ್ನಿಷಿಯನ್. ನಮ್ಮ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) 32 ವಾರಕ್ಕೇ ಹುಟ್ಟಿದ ಪಾಪು ಇದೆ. ಹೃದಯದ ತೊಂದರೆಗೆ ಡಿಗಾಕ್ಸಿನ್ ಶುರು ಮಾಡಬೇಕಿತ್ತು. ಮೊದಲ ಡೋಸ್‌ಗೂ ಮುಂಚೆ ತೆಗೆದ ಸ್ಯಾಂಪಲ್‌ನಲ್ಲೇ ಮಿಲಿಲೀಟರ್‌ಗೆ 0.6 ನ್ಯಾನೋಗ್ರಾಂ ಬಂತು! ಟ್ಯೂಬಿನ ಲೇಬಲ್ ಮೂರು ಸಲ ನೋಡಿದೆ, ಅದಲುಬದಲಾಗಿಲ್ಲ. ತಾಯಿಗೂ ಆ ಔಷಧಿ ಕೊಟ್ಟಿಲ್ಲ.

ದಿನ ತುಂಬದ ಮಕ್ಕಳ ರಕ್ತದಲ್ಲಿ ಡಿಗಾಕ್ಸಿನ್ ಹೋಲುವ ಪದಾರ್ಥ ತಾನಾಗೇ ಇರುತ್ತದೆ, ಔಷಧಿ ಅಳೆಯುವ ಇಮ್ಯುನೊಅಸ್ಸೇ ಕಿಟ್‌ನ ಆಂಟಿಬಾಡಿ (ಔಷಧಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್) ಅದನ್ನೂ ಔಷಧಿ ಅಂತಲೇ ಹಿಡಿಯುತ್ತದೆ. ಇದು 1980ರ ದಶಕದಿಂದ ಗೊತ್ತಿರುವ ವಿಷಯ. ನನ್ನ ಭಯ ಮುಂದಿನದು. ನಾಳೆ 1.8 ಬಂದರೆ ಅದರಲ್ಲಿ ಔಷಧಿ ಎಷ್ಟು, ಮಗುವಿನದೇ ಎಷ್ಟು? ಸುಮ್ನೆ 0.6 ಕಳೆಯೋಕೆ ಆಗಲ್ಲ, ಅದು ದಿನ ಕಳೆದಂತೆ ಬದಲಾಗುತ್ತದೆ. ಆ ಅಂಕಿ ನಂಬಿ ಡೋಸ್ ಇಳಿಸಿದರೆ ಕಷ್ಟ ಪಾಪುವಿಗೇ ಅಲ್ವಾ?

ಈ ಪದಾರ್ಥ ಹೆಚ್ಚಾಗಿ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ಪ್ರೋಟೀನ್ ತಡೆಯುವ ಅಲ್ಟ್ರಾಫಿಲ್ಟರ್‌ನಲ್ಲಿ ಸೋಸಿದರೆ ಅದು ಮೇಲೇ ಉಳಿದು, ಅಂಟಿಕೊಳ್ಳದ ಔಷಧಿ ಕೆಳಗೆ ಬರಬೇಕು. ಹೀಗೆ ಸೀರಮ್ಮನ್ನು (ರಕ್ತದ ತಿಳಿ ಭಾಗ) ಸೋಸಿ ಟೆಸ್ಟ್ ಮಾಡಿದವರು ಯಾರಾದರೂ ಇದ್ದೀರಾ? ಬೆಂಗಳೂರು, ಮೈಸೂರು ಕಡೆ ಎಲ್‌ಸಿ-ಎಂಎಸ್‌ನಲ್ಲಿ (ಆಂಟಿಬಾಡಿ ಇಲ್ಲದೆ, ಅಣುವಿನ ತೂಕದಿಂದ ಔಷಧಿ ಗುರುತಿಸುವ ಯಂತ್ರ) ಡಿಗಾಕ್ಸಿನ್ ನೋಡುವ ಲ್ಯಾಬ್ ಗೊತ್ತಾ? ಅರ್ಧ ಎಂಎಲ್‌ಗಿಂತ ಜಾಸ್ತಿ ರಕ್ತ ತೆಗೆಯಲಾಗದು, ಮಗು ಇರುವುದೇ 1.4 ಕೆಜಿ. ಗೊತ್ತಿದ್ದವರು ದಯವಿಟ್ಟು ಇವತ್ತೇ ತಿಳಿಸಿ.