ಫ್ಲಾಪ್ ‘ತೆಗೆಯುವುದು’ ಎಂದರೆ ತೆರೆದಿಡುವುದೋ, ಕಳಚುವುದೋ?

ಪ್ರಶ್ನೆ, ಕುಂಬಳೆಯಿಂದ:

ಮಾಷ್ಟ್ರೇ, ಇಲ್ಲಿನ ಒಂದು ವರ್ಕ್‌ಶಾಪಿನ ಗಿರಾಕಿಗಳಿಗೆ ಕೊಡಲು ಎರಡು ಪುಟದ ಕನ್ನಡ ಟಿಪ್ಪಣಿ ತಯಾರಾಗುತ್ತಿದೆ. ಟರ್ಬೋ ಕಾರುಗಳ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯೊಳಗಿನ, ಪುಟ್ಟ ಬಾಗಿಲಿನಂಥ ಫ್ಲಾಪ್‌ಗಳ ಬಗ್ಗೆ. ತಲೆಬರಹ ‘ಫ್ಲಾಪ್ ತೆಗೆದರೆ ಇಂಜಿನಿಗೆ ಲಾಭವೇ?’ ಎಂದಿದೆ. ಓದಿದ ಇಬ್ಬರಲ್ಲಿ ಒಬ್ಬರು ‘ಯಾವಾಗಲೂ ತೆರೆದಿಡುವುದು’ ಎಂದುಕೊಂಡರು, ಇನ್ನೊಬ್ಬರು ‘ಕಿತ್ತು ಬಿಸಾಡುವುದು’ ಎಂದುಕೊಂಡರು. ಮಲಯಾಳ ಪ್ರತಿಯಲ್ಲಿ ಈ ತಕರಾರಿಲ್ಲ. ‘ತುರಕ್ಕುಗ’ (ತೆರೆ) ಬೇರೆ, ‘ಊರುಗ’ (ಕಳಚು) ಬೇರೆ. ನಾವು ಏನು ಬರೆಯಬೇಕು? ಫ್ಲಾಪಿಗೆ ‘ಕವಾಟ’ ಆಗುತ್ತದೆಯೇ? ಸ್ವರ್ಲ್, ಟಂಬಲ್ ಇವಕ್ಕೂ ಕನ್ನಡ ಬೇಕೇ?

ಉತ್ತರ:

ಬಾಗಿಲು ತೆಗೆ ಎಂದರೆ ತೆರೆ, ಅಂಗಿ ತೆಗೆ ಎಂದರೆ ಕಳಚು. ತುಳುವಿನ ‘ದೆಪ್ಪು’ ಕೂಡ ಎರಡಕ್ಕೂ ಸಲ್ಲುತ್ತದೆ. ಫ್ಲಾಪ್ ಬಾಗಿಲಿನ ಜಾತಿಯದೂ ಹೌದು, ಬಿಚ್ಚಬಹುದಾದ ಸಾಮಾನೂ ಹೌದು, ಆದ್ದರಿಂದ ಓದಿದ ಇಬ್ಬರದೂ ತಪ್ಪಲ್ಲ. ಟಿಪ್ಪಣಿಯಿಂದ ‘ತೆಗೆ’ಯನ್ನೇ ಬಿಟ್ಟುಬಿಡಿ. ಫ್ಲಾಪ್ ಕೆಲಸ ಮಾಡುವಾಗ ‘ತೆರೆಯುತ್ತದೆ, ಮುಚ್ಚುತ್ತದೆ’. ರಿಪೇರಿಗಾಗಿ ಮ್ಯಾನಿಫೋಲ್ಡನ್ನು ‘ಬಿಚ್ಚುತ್ತೇವೆ’, ಏಕೆಂದರೆ ಬಿಚ್ಚಿದ್ದನ್ನು ಮತ್ತೆ ಕಟ್ಟುತ್ತೇವೆ. ಫ್ಲಾಪನ್ನು ಕಾಯಂ ಆಗಿ ಹೊರಹಾಕುವುದಾದರೆ ‘ಕಳಚಿ ಹಾಕುತ್ತೇವೆ’. ಕಳಚಿದ ಮೇಲೆ ಉಳಿಯುವ ತೂತನ್ನು ‘ಬಂದ್ ಮಾಡುವುದು’ ಇನ್ನೊಂದೇ ಕೆಲಸ, ಅದನ್ನು ಹೆಸರಿಸದೆ ಬಿಟ್ಟರೆ ಯಾರೋ ಒಬ್ಬರು ಮಾಡದೆಯೂ ಬಿಡುತ್ತಾರೆ.

‘ಕವಾಟ’ ಬೇಡ. ಮೂಲ ಅರ್ಥ ಕದ ಎಂಬುದು ನಿಜ, ಆದರೆ ನಮ್ಮ ಪಠ್ಯಪುಸ್ತಕಗಳು ಅದನ್ನು ವಾಲ್ವಿಗೆ ಕೊಟ್ಟು ಬಹಳ ಕಾಲವಾಯಿತು. ಫ್ಲಾಪಿನಿಂದ ಒಂದು ಗೇಣು ಮುಂದೆಯೇ ಇನ್‌ಲೆಟ್ ವಾಲ್ವ್ ಇದೆ. ‘ಕವಾಟ ಕಳಚಿ’ ಎಂದು ಓದಿದವ ಸಿಲಿಂಡರ್ ಹೆಡ್ಡಿಗೆ ಕೈ ಹಾಕಿಯಾನು! ಫ್ಲಾಪ್ ಎಂದೇ ಇರಲಿ.

ಸ್ವರ್ಲ್ ಎಂದರೆ ಗಾಳಿ ಸಿಲಿಂಡರಿನ ನಡುಗೆರೆಯ ಸುತ್ತ ತಿರುಗುವುದು. ಇದಕ್ಕೆ ‘ಸುಳಿ’ ಸರಿಯಾಗಿ ಕೂರುತ್ತದೆ, ಡೀಸೆಲ್ ಇಂಜಿನಿಗೆ ಬೇಕಾದದ್ದು ಇದು. ಟಂಬಲ್ ಎಂದರೆ ಗಾಳಿ ಮೇಲಿಂದ ಕೆಳಗೆ ಮಗುಚುತ್ತಾ ಹೊರಳುವುದು, ಹೆಚ್ಚಾಗಿ ಪೆಟ್ರೋಲ್ ಇಂಜಿನಿನ ಸಂಗತಿ. ಅಲ್ಲಿ ಟಂಬಲ್ ಎಂದೇ ಬರೆದು, ಒಮ್ಮೆ ‘ಮಗುಚುವ ಗಾಳಿ’ ಎಂದು ವಿವರಿಸಿದರೆ ಸಾಕು.

ಈಗ ಲಾಭದ ಮಾತು. ಸುಳಿ ಫ್ಲಾಪ್ ಇರುವ ಡೀಸೆಲ್ ಇಂಜಿನಿನಲ್ಲಿ ಒಂದೊಂದು ಸಿಲಿಂಡರಿಗೂ ಗಾಳಿಯ ದಾರಿ ಎರಡು. ಒಂದು ಸುಳಿ ಎಬ್ಬಿಸುವ ದಾರಿ, ಇನ್ನೊಂದು ತುಂಬಿಸುವ ದಾರಿ. ಫ್ಲಾಪ್ ಇರುವುದು ಎರಡನೆಯದರಲ್ಲಿ. ಇಂಜಿನ್ ನಿಧಾನವಾಗಿ ತಿರುಗುವಾಗ, ಭಾರ ಕಡಿಮೆ ಇರುವಾಗ ಅದು ಮುಚ್ಚುತ್ತದೆ. ತೋಟದ ಎರಡು ಕಣಿಗಳಲ್ಲಿ ಒಂದಕ್ಕೆ ಹಲಗೆ ಇಟ್ಟರೆ ಇನ್ನೊಂದರಲ್ಲಿ ನೀರು ಓಡುವ ಹಾಗೆ, ಗಾಳಿ ಸುಳಿದಾರಿಯಲ್ಲಿ ರಭಸವಾಗಿ ನುಗ್ಗಿ ಡೀಸೆಲಿನೊಂದಿಗೆ ಚೆನ್ನಾಗಿ ಬೆರೆಯುತ್ತದೆ. ಮಸಿ ಕಡಿಮೆಯಾಗುತ್ತದೆ. ವೇಗ, ಭಾರ ಏರಿದಂತೆ ಫ್ಲಾಪ್ ತೆರೆದು ಗಾಳಿಯ ಓಟಕ್ಕೆ ಅಂಚು ಕೊಟ್ಟು ನಿಲ್ಲುತ್ತದೆ.

ಕಳಚಿದರೆ ಶಕ್ತಿ ಏರುತ್ತದೆ ಎಂಬ ಮಾತು ಬಿದ್ದುಹೋಗುವುದು ಇಲ್ಲೇ. ಶಕ್ತಿ ಬೇಕಾದ ಹೊತ್ತಿಗೆ ಫ್ಲಾಪ್ ಹೇಗೂ ತೆರೆದಿದೆ. ಅಡ್ಡ ಬರುವುದು ಅದರ ದಪ್ಪ ಮತ್ತು ಅದು ತಿರುಗುವ ಸರಳಿನ ದಪ್ಪ ಮಾತ್ರ. ಅದಕ್ಕಿಂತ ದೊಡ್ಡ ಇಕ್ಕಟ್ಟು ಮುಂದಿನ ಇನ್‌ಲೆಟ್ ವಾಲ್ವಿನ ಬಾಯಲ್ಲಿದೆ. ಮೇಲಾಗಿ ಡೀಸೆಲ್ ಇಂಜಿನಿನ ಶಕ್ತಿಯನ್ನು ತೀರ್ಮಾನಿಸುವುದು ಇಂಜೆಕ್ಟರ್ ಸುರಿಯುವ ಡೀಸೆಲ್. ಮ್ಯಾಪ್ (ಎಷ್ಟು ಡೀಸೆಲ್ ಸುರಿಯಬೇಕೆಂದು ಇಂಜಿನ್ ಕಂಪ್ಯೂಟರಿನಲ್ಲಿರುವ ಪಟ್ಟಿ) ಬದಲಿಸದೆ ನೂಲೆಳೆಯಷ್ಟು ಹೆಚ್ಚು ಗಾಳಿ ಕೊಟ್ಟರೆ ಅದು ಉರಿಯುವುದು ಯಾವುದರ ಜೊತೆ? ಟರ್ಬೋ ಪೆಟ್ರೋಲಿನಲ್ಲಿ ಇಸಿಯು (ಇಂಜಿನ್ ಕಂಪ್ಯೂಟರ್) ತನಗೆ ಬೇಕಾದ ಗಾಳಿಯ ಲೆಕ್ಕ ಹಿಡಿದು ವೇಸ್ಟ್‌ಗೇಟನ್ನು (ಟರ್ಬೋ ತಿರುಗಿಸುವ ಹೊಗೆಯಲ್ಲಿ ಒಂದಿಷ್ಟನ್ನು ಬದಿಗೆ ಬಿಡುವ ಬಾಗಿಲು) ನಡೆಸುತ್ತದೆ, ದಾರಿ ಸ್ವಲ್ಪ ಸಲೀಸಾದರೆ ಅದನ್ನು ಅಷ್ಟು ಹೆಚ್ಚು ತೆರೆದು ಸರಿದೂಗಿಸುತ್ತದೆ. ನಷ್ಟ ಕಾಣುವುದು ಕೆಳಗಿನ ವೇಗದಲ್ಲಿ: ಎಳೆತ ತುಸು ಮಂದ, ಹೊಗೆ ಜಾಸ್ತಿ, ಪೆಟ್ರೋಲ್ ಗಾಡಿಯಾದರೆ ತಣ್ಣಗಿನ ಸ್ಟಾರ್ಟಿನಲ್ಲಿ ಒರಟು ಐಡಲ್. ಡಿಪಿಎಫ್ (ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಜರಡಿ) ಇರುವ ಗಾಡಿಯಲ್ಲಿ ಹೆಚ್ಚಿದ ಮಸಿ ಸೀದಾ ಅಲ್ಲಿಗೆ ಹೋಗಿ ಕೂರುತ್ತದೆ.

ಹಾಗಾದರೆ ಜನ ಕಳಚಿಸುವುದೇಕೆ? ಭಯಕ್ಕೆ, ಮತ್ತು ಕೆಲವು ಇಂಜಿನುಗಳಲ್ಲಿ ಆ ಭಯ ನ್ಯಾಯವಾದದ್ದೇ. ಬಿಎಂಡಬ್ಲ್ಯುವಿನ ಹಳೆಯ ಎಂ47, ಎಂ57 ಡೀಸೆಲುಗಳಲ್ಲಿ ಲೋಹದ ಫ್ಲಾಪ್ ಅಥವಾ ಅದನ್ನು ಹಿಡಿದ ಪುಟ್ಟ ಸ್ಕ್ರೂ ಸಡಿಲಾಗಿ ಸಿಲಿಂಡರಿಗೆ ಬಿದ್ದರೆ ಪಿಸ್ಟನ್, ವಾಲ್ವ್, ಕೆಲವೊಮ್ಮೆ ಟರ್ಬೋ ಕೂಡ ಹೋಗುತ್ತದೆ. ಅಲ್ಲಿ ಕಳಚುವುದು ವಿವೇಕ. ಆದರೆ ಅದನ್ನು ‘ಲಾಭ’ ಎಂದು ಬರೆಯಬೇಡಿ, ‘ಅಪಾಯ ತಪ್ಪಿಸಲು’ ಎಂದು ಬರೆಯಿರಿ. ಫೋಕ್ಸ್‌ವ್ಯಾಗನ್ ಬಳಗದ 2.0 ಟಿಡಿಐ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಸವೆಯುವುದು ಫ್ಲಾಪ್ ಅಲ್ಲ, ಅದನ್ನು ತಿರುಗಿಸುವ ಮೋಟಾರಿನ ತೋಳಿನ ಬದಿ, ಸ್ಕ್ಯಾನರಿನಲ್ಲಿ ಪಿ2015 ಎಂಬ ದೋಷದ ಕೋಡ್ ಬರುತ್ತದೆ. ಮರ್ಸಿಡಿಸ್ ಓಎಂ642ರಲ್ಲಿ ಟರ್ಬೋ ಬಾಯಿಯ ಸೀಲಿನಿಂದ ಜಿನುಗಿದ ಆಯಿಲ್ ಕೆಳಗಿನ ಫ್ಲಾಪ್ ಮೋಟಾರಿನ ಮೇಲೆಯೇ ತೊಟ್ಟಿಕ್ಕಿ ಅದನ್ನು ಕೆಡಿಸುತ್ತದೆ. ಈ ಎರಡರಲ್ಲೂ ಮೊದಲು ನೋಡಬೇಕಾದದ್ದು ಕೆಟ್ಟ ಭಾಗ. ಫ್ಲಾಪ್ ಕಳಚಿದರೆ ಮೂಲ ದೋಷ ಇದ್ದಲ್ಲಿಯೇ ಇರುತ್ತದೆ.

ಇನ್ನೊಂದು ಉತ್ತರ, ಉಪ್ಪಳದಿಂದ:

ಮಾಷ್ಟ್ರು ಹೇಳಿದ್ದಕ್ಕೆ ಕೆಲಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ‘ತೆರೆದೇ ಕಚ್ಚಿಕೊಂಡಿದೆ’, ‘ಮುಚ್ಚಿಯೇ ಕಚ್ಚಿಕೊಂಡಿದೆ’ ಎರಡನ್ನೂ ಟಿಪ್ಪಣಿಯಲ್ಲಿ ಬೇರೆ ಬೇರೆ ಬರೆಯಿರಿ. ಮುಚ್ಚಿಯೇ ಕಚ್ಚಿಕೊಂಡರೆ ಘಾಟಿ ಹತ್ತುವಾಗ ಎಳೆತ ಸಾಲದು, ಕಪ್ಪು ಹೊಗೆ. ತೆರೆದೇ ಕಚ್ಚಿಕೊಂಡರೆ ಓಡಿಸುವವನಿಗೆ ಹೆಚ್ಚೇನೂ ಗೊತ್ತಾಗದು, ಡ್ಯಾಶ್‌ಬೋರ್ಡಿನ ಇಂಜಿನ್ ಲೈಟ್ ಮಾತ್ರ ಉರಿಯಬಹುದು. ಬಹುಪಾಲು ಕಾರಣ ಒಂದೇ, ಇಜಿಆರ್‌ನಿಂದ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನಿಗೆ ಕಳಿಸುವ ವ್ಯವಸ್ಥೆ) ಬರುವ ಮಸಿ ಮತ್ತು ಇಂಜಿನಿನೊಳಗಿನ ಆವಿ ಹೊರಬಿಡುವ ಬ್ರೀದರಿನ ಆಯಿಲ್ ಆವಿ ಸೇರಿ ಕಟ್ಟಿದ ಕರಿ ಮಡ್ಡಿ. ಮ್ಯಾನಿಫೋಲ್ಡ್ ಬಿಚ್ಚಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿದರೆ ಎಷ್ಟೋ ಗಾಡಿಗಳಲ್ಲಿ ಕಳಚುವ ಪ್ರಶ್ನೆಯೇ ಬರುವುದಿಲ್ಲ.

ಕಳಚುವುದೇ ಆದರೆ: ಬಿಎಂಡಬ್ಲ್ಯುವಿಗೆ ಅಲ್ಯುಮಿನಿಯಂ ಬ್ಲಾಂಕ್ (ತೂತು ಮುಚ್ಚುವ ಬಿರಡೆ) ಸಿಗುತ್ತದೆ, ನಾಲ್ಕು ಸಿಲಿಂಡರಿಗೆ ನಾಲ್ಕು, ಆರಕ್ಕೆ ಆರು. 22 ಮಿ.ಮೀ., 33 ಮಿ.ಮೀ. ಎಂದು ಎರಡು ಅಳತೆ ಇರುವುದರಿಂದ ಬಿಚ್ಚಿ ಅಳೆದು ನಂತರ ತರಿಸಿ. ಓ-ರಿಂಗ್ ವೈಟನ್ (ಬಿಸಿ, ಆಯಿಲ್ ತಡೆಯುವ ರಬ್ಬರ್) ಜಾತಿಯದೇ ಇರಲಿ. ತೂತಿಗೆ ಎಪಾಕ್ಸಿ ಅಂಟು ಮೆತ್ತುವವರಿದ್ದಾರೆ. ಬಿಸಿಗೆ, ಬೂಸ್ಟಿನ (ಟರ್ಬೋ ತುಂಬುವ ಗಾಳಿಯ) ಒತ್ತಡಕ್ಕೆ ಅದು ಕಳಚಿದರೆ ಯಾವ ಅಪಾಯಕ್ಕೆ ಹೆದರಿದ್ದೆವೋ ಅದೇ ಆಗುತ್ತದೆ. ಬ್ಲಾಂಕ್ ಸರಿ ಕೂರದಿದ್ದರೆ ಬೂಸ್ಟ್ ಸೋರಿ ಸಿಳ್ಳೆ ಶಬ್ದ ಕೇಳುತ್ತದೆ, ಸುತ್ತ ಆಯಿಲ್ ಪಸೆ ಕಾಣುತ್ತದೆ. ಫ್ಲಾಪ್ ವ್ಯಾಕ್ಯೂಮಿನಲ್ಲಿ (ಗಾಳಿ ಹೀರುವ ಬಲದಲ್ಲಿ) ನಡೆಯುವ ಜಾತಿಯದಾದರೆ ಬಿಚ್ಚಿದ ಹೋಸಿನ ಬಾಯಿಗೆ ಮುಚ್ಚಳ ಬೇಕೇ ಬೇಕು. ಇಲ್ಲವಾದರೆ ಅದೇ ಲೈನಿನಲ್ಲಿರುವ ಟರ್ಬೋ ಆಕ್ಚುಯೇಟರಿಗೆ (ಟರ್ಬೋವನ್ನು ಹಿಡಿತದಲ್ಲಿಡುವ ಭಾಗ) ವ್ಯಾಕ್ಯೂಮ್ ಸಾಲದೆ ಗಾಡಿ ಎಳೆಯುವುದೇ ಇಲ್ಲ. ಮೋಟಾರ್ ಮತ್ತು ಸ್ಥಾನ ಹೇಳುವ ಸೆನ್ಸರ್ ಇರುವ ಜಾತಿಯಲ್ಲಿ ಮೋಟಾರಿನ ಕನೆಕ್ಟರ್ ಎಳೆದುಬಿಟ್ಟರೆ ಕೋಡ್ ಬಂದೇ ಬರುತ್ತದೆ.

ಕೊನೆಗೆ, ಬರೀ ‘ಫ್ಲಾಪ್’ ಎಂದು ಎಲ್ಲಿಯೂ ಬರೆಯಬೇಡಿ. ಡೀಸೆಲ್ ಗಾಡಿಯ ಮ್ಯಾನಿಫೋಲ್ಡಿನ ಬಾಯಲ್ಲಿ ಥ್ರಾಟಲ್ ಫ್ಲಾಪ್ ಬೇರೆ ಇದೆ. ಕೀ ತಿರುಗಿಸಿ ಬಂದ್ ಮಾಡಿದಾಗ ಗಾಳಿ ಕಡಿದು ಇಂಜಿನ್ ಅಲುಗಾಡದೆ ನಿಲ್ಲುವಂತೆ ಮಾಡುವುದು ಅದು, ಇಜಿಆರಿಗೂ ಡಿಪಿಎಫ್ ಒಳಗೆ ಕೂತ ಮಸಿ ಸುಡುವುದಕ್ಕೂ ಬೇಕು. ಟರ್ಬೋ ಇಲ್ಲದ ಕೆಲವು ಪೆಟ್ರೋಲ್ ಇಂಜಿನುಗಳಲ್ಲಿ ಗಾಳಿದಾರಿಯ ಉದ್ದ ಬದಲಿಸುವ ಫ್ಲಾಪ್ ಇರುತ್ತದೆ, ಅದನ್ನು ಕಳಚಿದರೆ ನಡುವೇಗದ ಎಳೆತ ಹೋಯಿತು. ಜಾಬ್ ಕಾರ್ಡಿನ ಸಾಲು ಹೀಗಿರಲಿ: ‘ಮ್ಯಾನಿಫೋಲ್ಡ್ ಬಿಚ್ಚಿ, ಸುಳಿ ಫ್ಲಾಪ್ ಕಳಚಿ, ತೂತು ಬ್ಲಾಂಕ್ ಹಾಕಿ ಬಂದ್ ಮಾಡುವುದು, ವ್ಯಾಕ್ಯೂಮ್ ಹೋಸಿಗೆ ಮುಚ್ಚಳ, ಗ್ಯಾಸ್ಕೆಟ್ ಹೊಸದು.’ ಕೆಳಗೆ ಗಿರಾಕಿಯ ಸಹಿ, ಹೊಗೆ ಪರೀಕ್ಷೆಯಲ್ಲಿ ಫೇಲಾಗುವ ಸಾಧ್ಯತೆ ತಿಳಿಸಿದ್ದೇವೆ ಎಂಬ ಒಕ್ಕಣೆಯ ಸಮೇತ.