ಗೈಡಿನ ಸಾರಾಂಶ ಬಿಡಿಸಿ, ಮಕ್ಕಳಿಂದ ಸ್ವಂತ ಮಾತು ಬರಿಸೋದು ಹೇಗೆ?

ಪ್ರಶ್ನೆ, ಸಕಲೇಶಪುರ:
ಒಂಬತ್ತನೇ ಕ್ಲಾಸು, 40 ಮಕ್ಕಳು. ಪದ್ಯ ಮುಗಿಸಿ ‘ನಿಮಗೇನನ್ನಿಸ್ತು?’ ಅಂದರೆ ಗೈಡಿನಲ್ಲಿರೋದನ್ನೇ ಒಪ್ಪಿಸುತ್ತಾರೆ. ಪಾಠ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೂಡಿಗೆರೆಯಿಂದ:
ಮೇಡಂ, ಆ ಪ್ರಶ್ನೆಯನ್ನು ಕೊನೆಗೆ ಕೇಳುತ್ತಿರೋದೇ ತೊಡಕು. ಸಾರಾಂಶ ಕೇಳಿಸಿಕೊಂಡ ಮೇಲೆ ಮಗುವಿಗೆ ಹೇಳೋಕೆ ಏನು ಉಳಿದಿರುತ್ತೆ? ಕವಿ ಪರಿಚಯ, ಪದಗಳ ಅರ್ಥ ಆಮೇಲಿರಲಿ. ಮೊದಲು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, ವಿವರಣೆ ಬೇಡ. ನಂತರ ಐದು ನಿಮಿಷ ಮಕ್ಕಳೇ ಓದಿಕೊಂಡು, ಮನಸ್ಸಿಗೆ ತಟ್ಟಿದ ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಲಿ. ಒಂದೇ ಸಾಲು ಅನ್ನೋದು ಮುಖ್ಯ, ಇಲ್ಲದಿದ್ದರೆ ಇಡೀ ಪುಟಕ್ಕೆ ಗೆರೆ ಬೀಳುತ್ತೆ. ಆಮೇಲೆ ಮೂರು ವಾಕ್ಯ: ಅಲ್ಲಿ ಏನು ಕಂಡಿತು, ಯಾವ ಪದದಿಂದ ಕಂಡಿತು, ಯಾವುದು ಅರ್ಥವಾಗಲಿಲ್ಲ. ‘ತುಂಬಾ ಚೆನ್ನಾಗಿದೆ’ ಅಂತಷ್ಟೇ ಬರೆದವರನ್ನು ಎರಡನೆಯದನ್ನೇ ಮತ್ತೆ ಕೇಳಿ. ಪದದ ಮೇಲೆ ಬೆರಳಿಟ್ಟು ತೋರಿಸಬೇಕಾದಾಗ ಗೈಡಿನ ಭಾಷೆ ನಡೆಯೋಲ್ಲ. ಎಸ್ಟೇಟ್ ಲೈನುಗಳಿಂದ ಬರುವ, ಮನೆಯಲ್ಲಿ ತಮಿಳೋ ತುಳುವೋ ಆಡುವ ಮಕ್ಕಳು ಮೊದಲು ಅದರಲ್ಲೇ ಪಕ್ಕದವರಿಗೆ ಹೇಳಿ, ಆಮೇಲೆ ಕನ್ನಡದಲ್ಲಿ ಬರೆಯಲಿ.

ಅರಸೀಕೆರೆಯಿಂದ:
ಆ ಮೂರು ವಾಕ್ಯಕ್ಕೆ ಮಾತ್ರ ಕೆಂಪು ಪೆನ್ನು ಹಚ್ಚಬೇಡಿ. ಕಾಗುಣಿತ ತಿದ್ದಿಸಿಕೊಂಡ ಮಗು ಮುಂದಿನ ಸಲ ಗೊತ್ತಿರೋ ಪದಗಳಲ್ಲಷ್ಟೇ ಬರೆದು ಸುಮ್ಮನಾಗುತ್ತೆ. ಅಂಚಿನಲ್ಲಿ ಒಂದು ಪ್ರಶ್ನೆ ಬರೆದುಕೊಡಿ, ಸಾಕು. ದಿನಕ್ಕೆ ಎಂಟು ನೋಟ್‌ಬುಕ್ ನೋಡಿದರೆ ಐದು ದಿನಕ್ಕೆ ಕ್ಲಾಸು ಮುಗಿಯುತ್ತೆ.

ಕಡೂರಿನಿಂದ:
ನಡುಗನ್ನಡಕ್ಕೆ ಇಷ್ಟು ಸಾಲದು, ಮಕ್ಕಳು ಮೊದಲ ಸಾಲಿಗೇ ಹೆದರುತ್ತಾರೆ. ನಮ್ಮ ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ವಾರ್ಧಕ ಷಟ್ಪದಿ ಇದ್ದರೆ ಅರ್ಥಕ್ಕೆ ಮುಂಚೆ ಚಪ್ಪಾಳೆ ಹಾಕಿಸಿ. ಐದು ಮಾತ್ರೆಯ ಒಂದು ಗಣಕ್ಕೆ ಒಂದು ಚಪ್ಪಾಳೆ (ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು). 1, 2, 4, 5ನೇ ಸಾಲಿಗೆ ನಾಲ್ಕು. 3 ಮತ್ತು 6ನೇ ಸಾಲಿಗೆ ಆರು, ಕೊನೆಯ ಗುರುವನ್ನು ಎಳೆದು ನಿಲ್ಲಿಸಬೇಕು. ಗಣ ಮುಗಿದ ಕಡೆಯೇ ಪದ ಮುಗಿಯಬೇಕೆಂದೇನಿಲ್ಲ. ಆದ್ದರಿಂದ ಪದ ಬಿಡಿಸೋದನ್ನು ಇನ್ನೊಂದು ಓದಿಗೆ ಇಟ್ಟುಕೊಳ್ಳಿ; ಎರಡನ್ನೂ ಬೆರೆಸಿದರೆ ಲಯವೂ ಕೆಡುತ್ತೆ, ಅರ್ಥವೂ ಗೋಜಲಾಗುತ್ತೆ. ಲಯ ಹಿಡಿದ ಮೇಲೆ ಪೆನ್ಸಿಲ್ ಕೊಡಿ.

ಸಕಲೇಶಪುರ:
ಎಲ್ಲರಿಗೂ ಧನ್ಯವಾದ. ಪರೀಕ್ಷೆಗೆ ಇದು ಹೊಂದುತ್ತಾ ಅನ್ನೋದೊಂದೇ ಅಳುಕು.

ಮೂಡಿಗೆರೆಯಿಂದ:
ಹೊಂದುತ್ತೆ ಮೇಡಂ. ‘ಸಂದರ್ಭ ಸಹಿತ ವಿವರಿಸಿ’ಗೆ ಆಯ್ಕೆ, ಸಂದರ್ಭ ಕಲಿಸಲೇಬೇಕು, ಬೇರೆ ದಾರಿಯಿಲ್ಲ. ಸ್ವಾರಸ್ಯದ ಭಾಗಕ್ಕೆ ಮಗುವಿನ ಆ ಮೂರು ವಾಕ್ಯವನ್ನೇ ಬೆಳೆಸಿ ಬರೆಸಿ. ಕಾಗುಣಿತ ತಿದ್ದೋದು ಆಗ.